ಸಹಮತದ ಎರಡನೇ ಸುತ್ತು

ಸಹಕಾರಿ ಕಲಿಕೆ ಅಂದರೇನು ಎಂದು ಯಾರಾದರೂ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಮಕ್ಕಳನ್ನು ಚಿಕ್ಕ ಚಿಕ್ಕ ಗುಂಪು ಮಾಡಬೇಕು, ಒಬ್ಬರ ಕೆಲಸ ಇನ್ನೊಬ್ಬರಿಲ್ಲದೆ ಮುಗಿಯದ ಹಾಗೆ ಪಾಠವನ್ನು ಹಂಚಬೇಕು, ಕೊನೆಗೆ ಪ್ರತಿಯೊಬ್ಬರೂ ತಂತಮ್ಮ ಪಾಲಿಗೆ ಉತ್ತರ ಕೊಡುವಂತಿರಬೇಕು. ಇಷ್ಟೇ. ಈ ಇಷ್ಟನ್ನು ಹಿಡಿದುಕೊಂಡು ಲೋಕದ ಜನ ಎಷ್ಟು ಬರೆದಿದ್ದಾರೆಂದರೆ, ಓದಿ ಓದಿ ನನ್ನ ಕಣ್ಣು ಕಿತ್ತು ಕೈಗೆ ಬರುವುದೊಂದು ಬಾಕಿ. ನನ್ನ ಪಿಎಚ್‌ಡಿ ವಿಷಯವೇ ಅದು: ಬೋಧನಾ ವಿಧಾನವಾಗಿ ಸಹಕಾರಿ ಕಲಿಕೆ, ಸಂಶೋಧನೆಯ ಒಲವುಗಳು. ಅಂದರೆ ನಾನು ಯಾವ ಮಗುವಿಗೂ ಏನನ್ನೂ ಕಲಿಸುವುದಿಲ್ಲ. ಬೇರೆಯವರು ಕಲಿಸಿ ಬರೆದದ್ದನ್ನು ಗುಡ್ಡೆ ಹಾಕಿಕೊಂಡು, ಯಾವ ತರಗತಿ, ಯಾವ ವಿಷಯ, ಎಂಥ ಪರೀಕ್ಷೆ, ಏನು ಫಲಿತಾಂಶ ಎಂದು ಅಂಕಣಗಳನ್ನು ತುಂಬುತ್ತೇನೆ. ಫಲಿತಾಂಶದ ಅಂಕಣದಲ್ಲಿ ಯಾವಾಗಲೂ ಒಂದೇ ರಾಗ: ಉತ್ತಮ ಪರಿಣಾಮ ಕಂಡುಬಂದಿದೆ. ಒಬ್ಬರಾದರೂ 'ನಮ್ಮ ಗುಂಪಿನಲ್ಲಿ ಮಕ್ಕಳು ಕಿತ್ತಾಡಿದರು, ಒಂದು ಮಗು ಅತ್ತುಕೊಂಡು ಮನೆಗೆ ಹೋಯಿತು' ಎಂದು ಬರೆದಿದ್ದರೆ ಅವರ ಮನೆ ಹುಡುಕಿಕೊಂಡು ಹೋಗಿ ಕೈ ಮುಗಿಯುತ್ತಿದ್ದೆ.

ಒಟ್ಟಿಗೆ ಕಲಿಯುವುದರ ಬಗ್ಗೆ ಒಂಟಿಯಾಗಿ ಕೂತು ಇಷ್ಟು ವರ್ಷ ಸವೆಸಿದ್ದೇಕೆಂದರೆ ಹೊಟ್ಟೆಪಾಡು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದವಳನ್ನು ಶಿಕ್ಷಕರ ತರಬೇತಿ ಕಾಲೇಜಿಗೆ ತಂದು ಕೂರಿಸಿದಾಗ, ಪಿಎಚ್‌ಡಿ ಮುಗಿಸಬೇಕು ಎಂಬ ಷರತ್ತಿನ ಮೇಲೆಯೇ ಕೂರಿಸಿದ್ದರು. ಮುಗಿಸದಿದ್ದರೆ ಬಂದ ದಾರಿಗೆ ಸುಂಕವಿಲ್ಲದ ಹಾಗೆ ವಾಪಸ್ ಶಾಲೆಗೆ. ವಿಶ್ವವಿದ್ಯಾಲಯ ಕೊಡಬಹುದಾದ ವಿಸ್ತರಣೆಯನ್ನೆಲ್ಲ ಕೊಟ್ಟು ಮುಗಿಸಿತ್ತು. ಈ ಸಲದ ಗಡುವು ತಪ್ಪಿದರೆ ನೋಂದಣಿಯೇ ರದ್ದು. ನನ್ನ ಮಂಡಿ ಎರಡೂ ಹೋಗಿವೆ. ಬೆಳಗಿನಿಂದ ಸಂಜೆಯವರೆಗೆ ಗಂಟೆ ಹೊಡೆದ ಹಾಗೆಲ್ಲ ಮೆಟ್ಟಿಲು ಹತ್ತಿಳಿದು, ನಿಂತೇ ಪಾಠ ಹೇಳುವ ಬದುಕಿಗೆ ಮರಳುವುದನ್ನು ನೆನೆದರೆ ಈಗಲೇ ಕಾಲು ಸೆಳೆಯುತ್ತಿತ್ತು.

ಬರೆಯುವುದೆಲ್ಲ ಮುಗಿದಿತ್ತು. ಅಧ್ಯಾಯಗಳು, ಕೋಷ್ಟಕಗಳು, ವರ್ಷ ವರ್ಷಕ್ಕೂ ಮೇಲೇರುವ ರೇಖೆಯ ಚಂದದ ನಕ್ಷೆಗಳು, 'ಸಹಕಾರಿ ಕಲಿಕೆಯ ಸಂಶೋಧನೆ ಹುಲುಸಾಗಿ ಬೆಳೆದಿದೆ' ಎಂಬ ಉಪಸಂಹಾರ, ಎಲ್ಲವೂ. ಉಳಿದಿದ್ದದ್ದು ಒಂದೇ ವಿಧಿ. ಇಂಥ ಕೆಲಸದಲ್ಲಿ ಒಬ್ಬರೇ ಓದಿ ಅಂಕಣ ತುಂಬಿದರೆ ನಂಬುವುದಿಲ್ಲ. ಅದೇ ಪ್ರಬಂಧಗಳನ್ನು ಇನ್ನೊಬ್ಬರೂ ಓದಬೇಕು, ಮೊದಲನೆಯವರನ್ನು ಕೇಳದೆ, ಅವರು ಬರೆದದ್ದನ್ನು ನೋಡದೆ ತಾವೇ ತುಂಬಬೇಕು. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಎಷ್ಟು ಕಡೆ ಒಂದೇ ಉತ್ತರ ಬಂದಿದೆ ಎಂದು ಲೆಕ್ಕ ಹಾಕುತ್ತಾರೆ. ಅದಕ್ಕೆ ಸಹಮತ ಎಂದು ಹೆಸರು. ಅದು ಗೊತ್ತುಮಾಡಿದ ಮಟ್ಟಕ್ಕಿಂತ ಕಡಿಮೆ ಬಂದರೆ ನನ್ನ ಇಡೀ ಪಿಎಚ್‌ಡಿ ಪ್ರಬಂಧ ಮೂಲೆಗೆ.

ಎರಡನೆಯವರಾಗಿ ಒಪ್ಪಿಕೊಂಡಿದ್ದ ಸಹೋದ್ಯೋಗಿ ಕೊನೇ ಗಳಿಗೆಯಲ್ಲಿ ಕೈ ಎತ್ತಿದಳು. ಅವಳನ್ನು ಬೈಯಲು ನನಗೆ ಬಾಯಿಲ್ಲ. ಆ ಗುಡ್ಡೆ ನೋಡಿದರೆ ನಾನೂ ಎತ್ತುತ್ತಿದ್ದೆ. ಆಗ ಊಟದ ಮೇಜಿನ ಆಚೆ ಬದಿಯಿಂದ ನನ್ನ ಗಂಡ ಅಂದರು, "ನಾನು ಓದ್ತೀನಿ ಬಿಡು."

ಅವರದು ವಿಜ್ಞಾನ. ಹುಡುಗರು ಅವರಿಗೆ 'ಹೂಂ ಮೇಷ್ಟ್ರು' ಎಂದು ಹೆಸರಿಟ್ಟಿದ್ದಾರೆ. ಯಾರು ಏನು ಕೇಳಿದರೂ ಹೂಂ. ಮುಖ್ಯೋಪಾಧ್ಯಾಯರು ಇನ್ನೊಂದು ತರಗತಿ ತಗೊಳ್ಳಿ ಅಂದರೂ ಹೂಂ, ಪಕ್ಕದ ಮನೆಯವರು ನಮ್ಮ ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸ್ತೀವಿ ಅಂದರೂ ಹೂಂ. ಮನೆಯಲ್ಲಿ ಏನನ್ನು ಕೇಳಿದರೂ ಬರುವ ಉತ್ತರ 'ನಿನಗೆ ಹೇಗೆ ಬೇಕೋ ಹಾಗೆ.' ಇಂಥ ಗಂಡ ಸಿಕ್ಕಿದ್ದಕ್ಕೆ ನೆಂಟರೆಲ್ಲ ನನ್ನ ಪುಣ್ಯ ಹೊಗಳುತ್ತಾರೆ. ನಾನೂ ಅವರ ಮುಖ ನೋಡಿ, ಅವರಿಗೇನು ಬೇಕಿರಬಹುದು ಎಂದು ಊಹಿಸಿ, ಅದರಂತೆ ನಡೆದುಕೊಳ್ಳುತ್ತೇನೆ. ಹೀಗೆ ನಮ್ಮ ಮನೆಯಲ್ಲಿ ಜಗಳವೆಂಬುದೇ ಇಲ್ಲ. ಮಾತೂ ಅಷ್ಟಕ್ಕಷ್ಟೆ.

ಮೇಜಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಅವರು. ನಡುವೆ ಉಪ್ಪಿನ ಡಬ್ಬಿ, ನೀರಿನ ಜಗ್ಗು. ನಾನು ಗಂಭೀರವಾಗಿ, "ನೋಡಿ, ಇದರ ಬಗ್ಗೆ ನಾವಿಬ್ರೂ ಮಾತಾಡ್ಕೋಬಾರದು, ಅದು ನಿಯಮ" ಅಂದೆ.

ಕಾಲೇಜಿಗೆ ಹೊರಟಿದ್ದ ಮಗಳು ಚಪ್ಪಲಿ ಹಾಕಿಕೊಳ್ಳುತ್ತ, "ಅದಕ್ಕೊಂದು ನಿಯಮ ಬೇರೆ ಬೇಕಾ ನಿಮಗೆ?" ಅಂದಳು.

ಅವಳಿಗೆ ನಾಲಿಗೆ ಉದ್ದ, ನನ್ನದೇ.

ಮೊದಲನೇ ಸುತ್ತು ಮುಗಿದು ಲೆಕ್ಕ ಹಾಕಿದಾಗ ಸಹಮತ ಬೇಕಾದಷ್ಟು ಬರಲಿಲ್ಲ. ತರಗತಿ, ವಿಷಯ, ಪರೀಕ್ಷೆ, ಇವೆಲ್ಲ ಸರಿಯಾಗಿ ಹೊಂದಿದ್ದವು. ಕೆಟ್ಟಿದ್ದು ಒಂದೇ ಅಂಕಣ, ಅದೂ ಎಲ್ಲಕ್ಕಿಂತ ಮುಖ್ಯವಾದದ್ದು: 'ಇದು ನಿಜವಾದ ಸಹಕಾರಿ ಕಲಿಕೆಯೇ, ಬರೀ ಗುಂಪಾಗಿ ಕೂರಿಸಿದ್ದೇ?' ನಾನು ಹೌದು ಎಂದು ಬರೆದ ಕಡೆಯಲ್ಲೆಲ್ಲ ಹೂಂ ಮೇಷ್ಟ್ರು ಅಲ್ಲ, ಅಲ್ಲ, ಅಲ್ಲ ಎಂದು ಬರೆದಿದ್ದರು. ಕೂಗಿ ಕೇಳಬೇಕೆನ್ನಿಸಿತು. ನಿಯಮ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಗೈಡ್ ಮೇಡಂಗೆ ಇದೇನೂ ಹೊಸದಲ್ಲ. ಅವರೂ ನಿವೃತ್ತಿಯ ಅಂಚಿನಲ್ಲಿದ್ದ, ನನ್ನಷ್ಟೇ ದಣಿದ ಜೀವ. "ವ್ಯಾಖ್ಯೆಯನ್ನ ಇಬ್ರೂ ಇನ್ನೊಂದ್ಸಲ ಸರಿಯಾಗಿ ಓದ್ಕೊಳ್ಳಿ" ಅಂದರು ಫೋನಿನಲ್ಲಿ. "ಭಿನ್ನಾಭಿಪ್ರಾಯ ಬಂದಿರೋ ಪ್ರಬಂಧಗಳನ್ನ ಮಾತ್ರ ಬೇರೆ ತೆಗೀರಿ. ಅವನ್ನ ಇಬ್ರೂ ಹೊಸದಾಗಿ ನೋಡಿ. ಮಾತುಕತೆ ಬೇಡ. ಸಾಮಾನ್ಯವಾಗಿ ಎರಡನೇ ಸುತ್ತಲ್ಲಿ ಸರಿಹೋಗುತ್ತೆ."

ಬೇರೆ ತೆಗೆದದ್ದೇ ಅರ್ಧದಷ್ಟು ಗುಡ್ಡೆಯಾಯಿತು. ಅವರ ಪಾಲಿನ ಪ್ರತಿಯನ್ನು ಅವರಿಗೆ ಕೊಟ್ಟು ನನ್ನದನ್ನು ನಾನಿಟ್ಟುಕೊಂಡೆ. ಅವರ ಶಾಲೆಯಲ್ಲಿ ಪರೀಕ್ಷೆ, ಉತ್ತರ ಪತ್ರಿಕೆಗಳ ರಾಶಿ. ಅದರ ನಡುವೆಯೇ ಬಿಡುವಾದಾಗ ಓದುತ್ತಿದ್ದರು. ನಾನು ಅವಸರ ಮಾಡಲಿಲ್ಲ. ಮಾಡಬಹುದಿತ್ತು, ಆದರೆ ಕೆಂಪು ಪೆನ್ನು ಹಿಡಿದು ಕತ್ತು ಬಗ್ಗಿಸಿ ಕೂತ ಆ ಮನುಷ್ಯನನ್ನು ನೋಡಿದರೆ ಪಾಪ ಅನ್ನಿಸುತ್ತಿತ್ತು.

ನನ್ನ ಓದು ಈ ಸಲ ಬೇರೆ ತರಹ ಆಯಿತು. ಮೊದಲ ಸುತ್ತಿನಲ್ಲಿ ಶೀರ್ಷಿಕೆಯಲ್ಲಿ 'ಸಹಕಾರಿ' ಎಂಬ ಮಾತು ಕಂಡರೆ ಸಾಕು, ಹೌದು ಎಂದು ಮುಂದಕ್ಕೆ ಹೋಗಿದ್ದೆ. ಈಗ ಒಳಗೆ ಇಳಿದು ನೋಡಿದರೆ ಎಲ್ಲೂ ಏನೂ ಇಲ್ಲ. 'ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಲಾಯಿತು. ಚರ್ಚಿಸಲು ಹೇಳಲಾಯಿತು. ಅಂಕಗಳು ಹೆಚ್ಚಾದವು.' ಯಾರು ಯಾವ ಪಾಲು ಮಾಡಿದರು? ಒಬ್ಬ ಮಾಡಿ ಉಳಿದವರು ಹೆಸರು ಬರೆಸಿಕೊಂಡರೋ? ಒಬ್ಬಳು 'ಇದು ತಪ್ಪು' ಅಂದಾಗ ಇನ್ನೊಬ್ಬಳು ಏನಂದಳು? ಒಂದು ಅಕ್ಷರವಿಲ್ಲ. ನಾಲ್ಕು ಮಕ್ಕಳು ಒಂದು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರೂ ಇಷ್ಟನ್ನೇ ಬರೆಯಬಹುದಿತ್ತು. ಮಧ್ಯಾಹ್ನವೆಲ್ಲ ಓದಿ ಕನ್ನಡಕ ತೆಗೆದಿಟ್ಟಾಗ ನನಗೆ ಸ್ಪಷ್ಟವಾಗಿ ಗೊತ್ತಾಗಿತ್ತು, ಹೂಂ ಮೇಷ್ಟ್ರು ಬರೆದದ್ದು ಸರಿ.

ಒಪ್ಪಿಕೊಂಡರೆ ಏನಾಗುತ್ತದೆ ಎಂಬುದು ಹೊಳೆಯಲಿಲ್ಲ ಎಂದು ಹೇಳಲಾರೆ. ಮೇಲೇರುವ ರೇಖೆ ಮಲಗಿಬಿಡುತ್ತದೆ, ಉಪಸಂಹಾರ ಉಲ್ಟಾ ಆಗುತ್ತದೆ. ಆದರೆ ಸಹಮತವೇ ಬರದಿದ್ದರೆ ರೇಖೆ ಕಟ್ಟಿಕೊಂಡು ಏನು ಮಾಡುವುದು? ಮೊದಲು ಇಬ್ಬರದೂ ಒಂದಾಗಲಿ, ಮಿಕ್ಕದ್ದನ್ನು ಹಗಲು ರಾತ್ರಿ ಕೂತು ತಿದ್ದೋಣ ಎಂದುಕೊಂಡೆ. ನಾಲ್ಕೈದನ್ನು ಬಿಟ್ಟು ಉಳಿದದ್ದನ್ನೆಲ್ಲ 'ಅಲ್ಲ' ಎಂದು ಬದಲಿಸಿದೆ.

ಅವರು ತಮ್ಮ ಹಾಳೆಗಳನ್ನು ಕೊಟ್ಟದ್ದು ಗಡುವಿಗೆ ಹಿಂದಿನ ಶನಿವಾರ. ಮಗಳು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಎರಡನ್ನೂ ತುಂಬಿದಳು. ನಾನು ಒಗೆದ ಬಟ್ಟೆ ಮಡಿಸುತ್ತ ಅವಳ ಬೆನ್ನ ಹಿಂದೆ ನಿಂತಿದ್ದೆ.

"ಅಮ್ಮ, ಇದು ಮೊದಲಿನಷ್ಟೇ ಕೆಟ್ಟದಾಗಿದೆ" ಅಂದಳು.

"ಸರಿಯಾಗಿ ನೋಡೇ. ಹಳೇದನ್ನೇ ತುಂಬಿರ್ತೀಯ."

"ಹಳೇದಲ್ಲ. ಎಲ್ಲಾ ಬದಲಾಗಿದೆ. ನೀನು ಹೌದು ಅಂದಿದ್ದಕ್ಕೆ ಈಗ ಅಲ್ಲ ಅಂದಿದ್ದೀಯ. ಅಪ್ಪ ಅಲ್ಲ ಅಂದಿದ್ದಕ್ಕೆ ಈಗ ಹೌದು ಅಂದಿದ್ದಾರೆ." ಅವಳಿಗೆ ನಗು ತಡೆಯಲಾಗಲಿಲ್ಲ. "ಇಬ್ರೂ ಜಾಗ ಬದಲಾಯಿಸ್ಕೊಂಡಿದ್ದೀರ, ಅಷ್ಟೇ!"

ಬಟ್ಟೆ ಕೈಯಲ್ಲೇ ಉಳಿಯಿತು. ಭಿನ್ನಾಭಿಪ್ರಾಯ ಬಂದದ್ದನ್ನು ಮಾತ್ರ ಕೊಟ್ಟರೆ, ಇನ್ನೊಬ್ಬರು ಏನು ಬರೆದಿದ್ದಾರೆ ಎಂದು ಹೇಳಿಯೇ ಕೊಟ್ಟ ಹಾಗಲ್ಲವೇ? ಇರುವುದು ಎರಡೇ ಉತ್ತರ. ನನ್ನದು ಹೌದಾದರೆ ಅವರದು ಅಲ್ಲ. ಇಷ್ಟು ಸಣ್ಣ ವಿಷಯ ನನಗಾಗಲಿ, ಇಷ್ಟು ಪ್ರಬಂಧ ಮಾಡಿಸಿದ ಗೈಡ್ ಮೇಡಂಗಾಗಲಿ ತೋಚಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತೊಂದರೆಯಾಗುತ್ತಿರಲಿಲ್ಲವೇನೋ. ತಮ್ಮ ಮಾತಿಗೆ ತಾವು ಅಂಟಿಕೊಳ್ಳುತ್ತಿದ್ದರು, ಅಲ್ಲೊಬ್ಬರು ಇಲ್ಲೊಬ್ಬರು ಬಗ್ಗುತ್ತಿದ್ದರು. ನಮ್ಮ ಮನೆಯಲ್ಲಿ ಇಬ್ಬರೂ ಒಟ್ಟಿಗೇ ಬಗ್ಗಿದ್ದೆವು, ತಲೆಗೆ ತಲೆ ಡಿಕ್ಕಿ ಹೊಡೆಯುವ ಹಾಗೆ.

ಅಡುಗೆಮನೆಗೆ ಹೋದೆ. ಅವರು ಟೀಗೆ ನೀರಿಟ್ಟಿದ್ದರು.

"ರೀ, ಎರಡನೇ ಸುತ್ತಲ್ಲಿ ಎಲ್ಲದಕ್ಕೂ ಹೌದು ಅಂತ ಬರೆದಿದ್ದೀರಲ್ಲ, ಓದಿ ಬರೆದ್ರಾ?"

"ಓದಿದೆ."

"ಓದಿ ಹೌದು ಅನ್ನಿಸ್ತಾ?"

ಅವರು ಉರಿ ಸಣ್ಣ ಮಾಡಿದರು. "ಇಲ್ಲ. ಆದ್ರೆ ನಿನಗೆ ಅದು ಬೇಕಿತ್ತಲ್ಲ. ನಾನು ಅಡ್ಡಗಾಲು ಹಾಕಿದ್ರೆ ನಿನ್ನ ಪ್ರಬಂಧ ನಿಂತುಹೋಗುತ್ತೆ. ಅದಕ್ಕೆ ಬದಲಾಯಿಸಿದೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಯಾಕೆ ಬದಲಾಯಿಸ್ದೆ?" ಅಂದರು.

"ನೀವು ಬರೆದಿದ್ದು ಸರಿ ಅನ್ನಿಸ್ತು."

ನೀರು ಕುದಿಯುತ್ತಿತ್ತು. ಯಾರೂ ಪುಡಿ ಹಾಕಲಿಲ್ಲ.

ದಾರಿ ಹುಡುಕಿದ್ದೂ ಅವರೇ. ಒಲೆ ಆರಿಸಿ, ಮೇಜಿಗೆ ಬಂದು, ಹಾಳೆಗಳನ್ನು ಬಿಡಿಸಿ ಪಕ್ಕಪಕ್ಕದಲ್ಲಿ ಇಟ್ಟರು. "ನೋಡು, ನಿನ್ನ ಮೊದಲನೇ ಸುತ್ತು, ನನ್ನ ಎರಡನೇ ಸುತ್ತು. ಇವೆರಡನ್ನೇ ಇಟ್ರೆ ಹೆಚ್ಚುಕಮ್ಮಿ ಎಲ್ಲಾ ಒಂದೇ. ನಿನ್ನ ಅಧ್ಯಾಯ ಯಾವುದನ್ನೂ ಮುಟ್ಟೋದು ಬೇಡ. ಕೊಟ್ಟು ಬಾ."

ನಿಜವೇ. ಅಷ್ಟು ಒಳ್ಳೆಯ ಸಹಮತ ನಾನು ಓದಿದ ಯಾವ ಪ್ರಬಂಧದಲ್ಲೂ ಇರಲಿಲ್ಲ. ಆದರೆ ಉಳಿದೆರಡು ಹಾಳೆಗಳನ್ನು, ನನ್ನ ಎರಡನೆಯದನ್ನೂ ಅವರ ಮೊದಲನೆಯದನ್ನೂ ಪಕ್ಕಪಕ್ಕ ಇಟ್ಟರೆ ಅಲ್ಲಿಯೂ ಅಷ್ಟೇ ಒಳ್ಳೆಯ ಸಹಮತ. ಅದೇ ಇಬ್ಬರು ಮನುಷ್ಯರು, ಅದೇ ಪ್ರಬಂಧಗಳು. ಒಂದು ಜೋಡಿ 'ಸಂಶೋಧನೆ ಹುಲುಸಾಗಿ ಬೆಳೆದಿದೆ' ಅನ್ನುತ್ತಿತ್ತು, ಇನ್ನೊಂದು ಜೋಡಿ 'ಹೆಸರು ಬೆಳೆದಿದೆ, ಕೆಲಸ ಇದ್ದಲ್ಲೇ ಇದೆ' ಅನ್ನುತ್ತಿತ್ತು. ನಾವಿಬ್ಬರೂ ನಂಬಿದ್ದು ಎರಡನೆಯದನ್ನು. ಅದನ್ನು ಬರೆಯಬೇಕಾದರೆ ಅರ್ಧ ಪ್ರಬಂಧ ಕಿತ್ತು ಕಟ್ಟಬೇಕು. ಗಡುವಿನ ದಿನವಾದ ಸೋಮವಾರಕ್ಕೆ ಅದು ಆಗದ ಹೋಗದ ಮಾತು.

ನನಗೆ ಸಿಟ್ಟು ಬಂತು. ಗಡುವಿನ ಮೇಲಲ್ಲ, ಆ ಮನುಷ್ಯನ ಮೇಲೆ.

"ಒಂದು ಗುಡ್ಡೆ ಕಾಗದದ ಮೇಲೆ ನಿಮಗೆ ಅನ್ನಿಸಿದ್ದನ್ನ ಬರೀರಿ ಅಂದ್ರೆ ಅಲ್ಲೂ ನನ್ನ ಮುಖ ನೋಡಿ ಬರೆದ್ರಾ? ಇಷ್ಟು ವರ್ಷದಲ್ಲಿ ಇನ್ನೆಷ್ಟು ಸಲ ಹೀಗೆ ಮಾಡಿದ್ದೀರಿ?"

"ಹೀಗೆ ಅಂದ್ರೆ?"

"ಮನಸ್ಸಲ್ಲೊಂದು ಇಟ್ಕೊಂಡು ಬಾಯಲ್ಲಿ ಹೂಂ ಅನ್ನೋದು. ಅವತ್ತು ಬೇರೆ ಊರಲ್ಲಿ ಮುಖ್ಯೋಪಾಧ್ಯಾಯರ ಹುದ್ದೆ ಬಂದಾಗ ಬೇಡ ಅಂದ್ರಲ್ಲ, ಅದೂ ಹೀಗೇನಾ?"

ಅವರು ಹಾಳೆಗಳ ಅಂಚನ್ನು ಸರಿಮಾಡುತ್ತ ಕೂತರು. "ನನಗೆ ಅದು ಬೇಕಿತ್ತು ಕಣೇ" ಅಂದರು ಕೊನೆಗೆ. "ನಿನಗೆ ಊರು ಬಿಡೋಕೆ ಇಷ್ಟ ಇಲ್ಲ ಅಂತ ಅಂದ್ಕೊಂಡೆ."

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಆ ಹುದ್ದೆಯ ಸುದ್ದಿ ಬಂದಾಗ ಮನಸ್ಸಿನಲ್ಲೇ ಪಾತ್ರೆಪಗಡವನ್ನೆಲ್ಲ ಕಟ್ಟಿಟ್ಟಿದ್ದೆ. ಹೊಸ ಮನೆ, ದೊಡ್ಡ ಕಿಟಕಿ, ಬೇರೆ ಗಾಳಿ. ಅವರು ಬೇಡ ಅಂದಾಗ, ಜವಾಬ್ದಾರಿ ಅಂದರೆ ಅವರಿಗೆ ಭಯ ಇರಬೇಕು, ಯಾಕೆ ಬಲವಂತ ಮಾಡಲಿ ಎಂದು, 'ನನಗೂ ಇಲ್ಲೇ ಸರಿ' ಅಂದಿದ್ದೆ. ಆ ಸಂಜೆ ಇಬ್ಬರೂ ನಗುನಗುತ್ತಲೇ ಊಟ ಮಾಡಿದ್ದೆವು. 

"ನಾನು ಬರೋಕೆ ತಯಾರಾಗಿದ್ದೆ" ಅಂದೆ. 

ಅವರು ತಲೆ ಎತ್ತಿ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಯಾರೋ ಕಪಾಳಕ್ಕೆ ಹೊಡೆದ ಹಾಗೆ. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಹೊರಗೆ ಪಕ್ಕದ ಮನೆಯವರ ಗಾಡಿ ನಮ್ಮ ಗೇಟಿಗೆ ಅಡ್ಡವಾಗಿ ನಿಂತಿತ್ತು.

"ಸರಿ, ಈಗ ಹೇಳ್ತೀನಿ ಕೇಳು" ಅಂದರು, ಬೆನ್ನು ಮಾಡಿಕೊಂಡೇ. "ನಿನ್ನ ಮುಖ ನೋಡದೆ ಹೇಳ್ತೀನಿ. ನೀನು ಸೋಮವಾರ ಅದನ್ನ ಕೊಡಬೇಕು. ಸುಳ್ಳೋ ನಿಜಾನೋ, ನನಗೆ ಬೇಡ. ಈ ಪ್ರಬಂಧ ನಮ್ಮ ಮನೇನ ತಿಂದುಹಾಕಿದೆ. ಊಟಕ್ಕೆ ಕೂತ್ರೆ ಕಾಗದ, ಮಲಗಿದ್ರೆ ಕಾಗದ. ನಿನ್ನ ಜೊತೆ ಮಾತಾಡೋಕೆ ಅಂತ ಬಂದು ಎಷ್ಟೋ ಸಲ ಬಾಗಿಲಲ್ಲೇ ನಿಂತು ವಾಪಸ್ ಹೋಗಿದ್ದೀನಿ. ನನಗೆ ಸಾಕಾಗಿದೆ. ಮುಗಿಸು ಇದನ್ನ."

ಅವರ ಧ್ವನಿ ಅಷ್ಟು ಏರಿದ್ದನ್ನು ನಾನು ಕೇಳಿರಲೇ ಇಲ್ಲ. ಮಗಳು ಓಡಿಬಂದು ಬಾಗಿಲಲ್ಲಿ ನಿಂತಳು. "ಏನಾಯ್ತು? ಯಾರಿಗೇನಾಯ್ತು?"

"ಏನೂ ಆಗಿಲ್ಲ, ಹೋಗಿ ಓದ್ಕೋ" ಅಂದೆವು, ಇಬ್ಬರೂ ಒಟ್ಟಿಗೇ.

ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು! ಅವರು ಜೀವಮಾನದಲ್ಲಿ ಮೊದಲ ಬಾರಿ ಒಂದು ಕೇಳಿದ್ದರು. ನನ್ನ ನೌಕರಿಯೂ ಉಳಿಯುತ್ತಿತ್ತು, ಮಂಡಿಯೂ. ಬಾಯಿಯವರೆಗೆ ಬಂದಿತ್ತು ಮಾತು. ಆದರೆ ಅವರಿಗೋಸ್ಕರ ಒಪ್ಪಿದರೆ ಮತ್ತದೇ ಕಥೆ. ಇನ್ನೊಂದಷ್ಟು ವರ್ಷದ ಮೇಲೆ ಇದೇ ಮೇಜಿನ ಹತ್ತಿರ ನಿಂತು 'ನನಗೆ ಅದು ಬೇಡವಾಗಿತ್ತು' ಎಂದು ನಾನು ಹೇಳುವುದು, ಅವರು ಕೇಳುವುದು. ಬೇಡವೆಂದರೆ ಬೇಡ.

"ನಾನು ಕೊಡಲ್ಲ ರೀ" ಅಂದೆ. "ಕೂಡಿ ಕಲಿಯೋದರ ಬಗ್ಗೆ ಇಲ್ಲದ್ದನ್ನ ಇದೆ ಅಂತ ಬರೆದು, ನಾಳೆ ಅದನ್ನೇ ಹೊಸ ಮೇಷ್ಟ್ರುಗಳಿಗೆ ಹೇಳಿಕೊಡೋದು ನನ್ನಿಂದಾಗಲ್ಲ."

ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಭಾನುವಾರ ಪೂರ್ತಿ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು. ನಮ್ಮಲ್ಲಿ ಮೌನ ಹೊಸತೇನಲ್ಲ, ಆದರೆ ಇದು ಕೋಪದ ಮೌನ. ನನಗೆ ಅಭ್ಯಾಸವಿರಲಿಲ್ಲ. ಒಳಗೊಳಗೇ ಹೆದರಿಕೆಯಾಗುತ್ತಿತ್ತು.

ಸೋಮವಾರ ಬರಿಗೈಯಲ್ಲಿ ಗೈಡ್ ಮೇಡಂ ಕೋಣೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಜಾಗ ಬದಲಾಯಿಸಿಕೊಂಡ ಭಾಗ ಬಂದಾಗ ಅವರು ನಕ್ಕರು, ನಗುತ್ತಲೇ ಹಣೆ ಒತ್ತಿಕೊಂಡರು. ನನ್ನ ಹೊಸ ಅಭಿಪ್ರಾಯವನ್ನು ಪೂರ್ತಿ ಕೇಳಿ, "ನೀವು ಹೇಳ್ತಿರೋದು ಸರಿ ಇರಬಹುದಮ್ಮ" ಅಂದರು. "ಆದ್ರೆ ಅದನ್ನ ಬರೆಯೋಕೆ ನಿಮ್ಮ ಹತ್ರ ಟೈಮಿಲ್ಲ, ಬರೆಸೋಕೆ ನನ್ನ ಹತ್ರ ಸರ್ವೀಸಿಲ್ಲ." ಸಂಜೆ ಕಚೇರಿ ಮುಚ್ಚುವವರೆಗೂ ಮನಸ್ಸು ಬದಲಾಯಿಸಬಹುದು ಎಂದೂ ಹೇಳಿದರು. ನಾನು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಕಚೇರಿಯ ಜವಾನ ಒಂದೊಂದೇ ಕಿಟಕಿ ಮುಚ್ಚಿಕೊಂಡು ಬಂದ. ಕೊನೆಯ ಬಾಗಿಲಿಗೆ ಬೀಗ ಬಿದ್ದಾಗ ಅಳು ಬಂತು. ಇಷ್ಟು ವರ್ಷದ ದುಡಿಮೆ, ಒಂದು ಬೀಗದ ಸದ್ದಿಗೆ ಮುಗಿದುಹೋಯಿತು. ಸಂಕಟವಾಗಲಿಲ್ಲ ಎಂದರೆ ನನ್ನಂಥ ಸುಳ್ಳುಗಾತಿ ಇಲ್ಲ.

ಮನೆಗೆ ಬಂದಾಗ ಅವರು ಮೇಜಿನ ಹತ್ತಿರ ಹುಡುಗರ ಪ್ರಯೋಗದ ಪುಸ್ತಕಗಳನ್ನು ತಿದ್ದುತ್ತಿದ್ದರು.

"ಕೊಟ್ಟು ಬಂದ್ಯಾ?"

"ಇಲ್ಲ."

ಪೆನ್ನಿಗೆ ಮುಚ್ಚಳ ಹಾಕಿದರು. ಏನೋ ಸಮಾಧಾನದ ಮಾತು ಬರುತ್ತದೆ ಎಂದು ಕಾದೆ.

"ತಪ್ಪು ಮಾಡ್ದೆ" ಅಂದರು. "ಇನ್ಮೇಲೆ ನೀನು ದಿನವಿಡೀ ನಿಂತು ಪಾಠ ಮಾಡಬೇಕು. ಸಂಜೆ ಬಂದು ಮಂಡಿ ಹಿಡ್ಕೊಂಡು ಕೂತ್ಕೋತೀಯ. ಅದನ್ನ ನೋಡಬೇಕಾದವನು ನಾನು. ನನಗೆ ನಿನ್ನ ಮೇಲೆ ಕೋಪ ಬಂದಿದೆ."

"ನನಗೆ ತಪ್ಪು ಅನ್ನಿಸ್ತಿಲ್ಲ."

"ನಿನಗೆ ಅನ್ನಿಸದಿದ್ರೆ ಬೇಡ. ನನಗೆ ಅನ್ನಿಸಿದೆ."

 ಕಾಲೇಜಿನ ಕೆಲಸ ಹೋದ ದುಃಖ ಹಾಗೇ ಇತ್ತು, ಕಾಲು ನೋಯುತ್ತಿತ್ತು, ನಾಳೆ ಪ್ರಾಂಶುಪಾಲರಿಗೆ ಏನು ಹೇಳುವುದೋ ತಿಳಿದಿರಲಿಲ್ಲ. ಆದರೂ ಎದುರಿಗಿದ್ದ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂದು ಅವತ್ತು ನಾನು ಊಹಿಸಬೇಕಾಗಿರಲಿಲ್ಲ. ಇಷ್ಟು ದಿನ ಅದೊಂದು ಕೆಲಸದಿಂದಲೇ ಎಷ್ಟು ಸುಸ್ತಾಗಿದ್ದೆ ಎಂಬುದು ಆಗ ತಿಳಿಯಿತು.

"ಇನ್ನೂ ಏನಾದ್ರೂ ಇದೆಯಾ, ಹೇಳೋದು?" ಅಂದೆ.

"ಬೇಕಾದಷ್ಟಿದೆ" ಅಂದರು. ಪಕ್ಕದ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿ ನೆಲದ ಮೇಲಿಟ್ಟರು. "ಮೊದಲು ಕೂತ್ಕೋ."